ಒಂದು ಬಟ್ಟಲು ಸೂಪು, ಕಡಲಿನ ಪುಟ್ಟ ಹಸು

ಸ್ಪ್ಯಾನಿಷ್ ಭಾಷೆಯಲ್ಲಿ ‘ವಾಕಾ’ ಅಂದ್ರೆ ಹಸು, ‘ವಕೀಟಾ’ ಅಂದ್ರೆ ಪುಟ್ಟ ಹಸು. ಮೆಕ್ಸಿಕೊ ದೇಶದ ಮೀನುಗಾರರು ಈ ಮುದ್ದಿನ ಹೆಸರಿಟ್ಟಿರೋದು ಕೊಟ್ಟಿಗೆಯ ಪ್ರಾಣಿಗಲ್ಲ, ಕಡಲಿನ ಪ್ರಾಣಿಗೆ. ಡಾಲ್ಫಿನ್ ಮತ್ತು ತಿಮಿಂಗಿಲಗಳ ಬಳಗಕ್ಕೆ ಸೇರಿದ, ಮರಿಗೆ ಹಾಲೂಡಿಸುವ ಜೀವಿ ಇದು. ಉದ್ದ ಹೆಚ್ಚೆಂದರೆ ಐದು ಅಡಿ. ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಉಂಗುರ, ತುಟಿಯ ಮೇಲೂ ಅದೇ ಬಣ್ಣ. ದೋಣಿಯ ಎಂಜಿನ್ ಸದ್ದು ಕೇಳಿದರೆ ದೂರ ಸರಿದುಬಿಡುವಷ್ಟು ನಾಚಿಕೆ. ಎಷ್ಟು ನಾಚಿಕೆ ಅಂದ್ರೆ, ಇಂಥದ್ದೊಂದು ಪ್ರಾಣಿ ಇದೆ ಅಂತ ವಿಜ್ಞಾನಿಗಳು ದಾಖಲಿಸಿದ್ದೇ 1958ರಲ್ಲಿ.

ಇವತ್ತು ಇಡೀ ಭೂಮಿಯ ಮೇಲೆ ಉಳಿದಿರುವ ವಕೀಟಾಗಳು ಸುಮಾರು ಹತ್ತು. ಒಂದು ಟೆಂಪೊ ಟ್ರಾವೆಲರ್‌ನ ಸೀಟುಗಳಷ್ಟೂ ಇಲ್ಲ.

ವಿಚಿತ್ರ ಏನು ಗೊತ್ತಾ? ಇದನ್ನು ಯಾರೂ ತಿನ್ನೋದಿಲ್ಲ. ಇದರ ಚರ್ಮ, ಹಲ್ಲು, ಎಣ್ಣೆ ಯಾವುದಕ್ಕೂ ಮಾರುಕಟ್ಟೆ ಇಲ್ಲ. ಬೇಕು ಅಂತ ಇದನ್ನು ಹಿಡಿಯೋಕೆ ಯಾರೂ ಹೋಗೋದಿಲ್ಲ. ಇದು ಸಾಯುವುದು ಬೇರೊಂದು ಮೀನಿಗೆ ಹಾಕಿದ ಬಲೆಯಲ್ಲಿ. ಆ ಮೀನಿನ ಹೆಸರು ಟೊಟೊವಾಬ. ಅದನ್ನು ಹಿಡಿಯೋದು ಕಾನೂನುಬಾಹಿರ ಆಗಿ ಐವತ್ತು ವರ್ಷಗಳೇ ಕಳೆದಿವೆ. ಆದರೂ ಹಿಡಿಯುತ್ತಾರೆ. ಯಾಕೆ ಅಂತ ಹುಡುಕುತ್ತಾ ಹೋದರೆ ದಾರಿ ಮೆಕ್ಸಿಕೊದ ಒಂದು ಬಡ ಊರಿನಿಂದ ಹೊರಟು ಚೀನಾದ ಊಟದ ಮೇಜಿನವರೆಗೂ ಹೋಗುತ್ತದೆ.

ಮನುಷ್ಯನನ್ನೂ ಮೀರಿಸುವ ಮೀನು

ಮೆಕ್ಸಿಕೊದ ನಕ್ಷೆ ನೋಡಿದರೆ ಪಶ್ಚಿಮಕ್ಕೆ ಉದ್ದಕ್ಕೆ ಇಳಿಬಿದ್ದ ಬಾಜಾ ಕ್ಯಾಲಿಫೋರ್ನಿಯಾ ಎಂಬ ಪರ್ಯಾಯ ದ್ವೀಪ ಕಾಣುತ್ತೆ. ಅದಕ್ಕೂ ಮುಖ್ಯಭೂಮಿಗೂ ನಡುವೆ ಇರುವುದೇ ಕ್ಯಾಲಿಫೋರ್ನಿಯಾ ಕೊಲ್ಲಿ. ಟೊಟೊವಾಬ ಇಡೀ ಪ್ರಪಂಚದಲ್ಲಿ ಸಿಗೋದು ಈ ಕೊಲ್ಲಿಯಲ್ಲಿ ಮಾತ್ರ. ವಕೀಟಾದ ಜಾಗ ಇನ್ನೂ ಕಿರಿದು, ಕೊಲ್ಲಿಯ ಉತ್ತರದ ತುದಿಯ ಒಂದು ಮೂಲೆ ಅಷ್ಟೆ.

ಟೊಟೊವಾಬ ಸಣ್ಣ ಮೀನಲ್ಲ. ಆರು ಅಡಿಗೂ ಹೆಚ್ಚು ಉದ್ದ, 100 ಕಿಲೋ ತೂಗುವಷ್ಟು ಬೆಳೆಯುತ್ತೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ. ಮೊಟ್ಟೆ ಇಡುವ ವಯಸ್ಸಿಗೆ ಬರೋಕೇ ಆರೇಳು ವರ್ಷ ಬೇಕು. ಚಳಿಗಾಲದ ಕೊನೆ ಹಾಗೂ ವಸಂತದಲ್ಲಿ ದೊಡ್ಡ ಮೀನುಗಳೆಲ್ಲ ಗುಂಪುಕಟ್ಟಿಕೊಂಡು ಕೊಲ್ಲಿಯ ಉತ್ತರದ ತುದಿಗೆ, ಕೊಲರಾಡೊ ನದಿ ಸಮುದ್ರ ಸೇರುವ ಕಡೆಗೆ, ಮೊಟ್ಟೆಯಿಡಲು ಬರುತ್ತವೆ. ತವರಿಗೆ ಹೆರಿಗೆಗೆ ಬಂದ ಹಾಗೆ. ಬಲೆ ಕಾಯುವುದೂ ಅಲ್ಲೇ.

ಕಳೆದ ಶತಮಾನದ ಆರಂಭದಲ್ಲಿ ಈ ಮೀನನ್ನೇ ನಂಬಿ ಕೊಲ್ಲಿಯ ದಡದಲ್ಲಿ ಮೀನುಗಾರರ ಬಿಡಾರಗಳು ಎದ್ದವು. ಸಾನ್ ಫೆಲಿಪೆ, ಎಲ್ ಗೊಲ್ಫೊ ದೆ ಸಾಂತಾ ಕ್ಲಾರಾ, ಪ್ವೆರ್ತೊ ಪೆನ್ಯಾಸ್ಕೊ ಎಂಬ ಊರುಗಳು ಬೆಳೆದಿದ್ದು ಹೀಗೆ. ಮೊದಮೊದಲು ಬೇಕಾಗಿದ್ದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಮಾತ್ರ. ಅದನ್ನು ಒಣಗಿಸಿ ಚೀನಾಕ್ಕೆ ಕಳಿಸಿ, ಮಾಂಸವನ್ನು ದಡದಲ್ಲೇ ಬಿಸಾಕುತ್ತಿದ್ದರಂತೆ. ಆಮೇಲೆ ಅಮೆರಿಕದವರಿಗೆ ಮಾಂಸದ ರುಚಿ ಹತ್ತಿತು, ಐಸಿನಲ್ಲಿಟ್ಟು ಗಡಿ ದಾಟಿಸುವ ವ್ಯಾಪಾರ ಶುರುವಾಯ್ತು. 1942ರಲ್ಲಿ ಒಂದೇ ವರ್ಷ 2,000 ಟನ್‌ಗೂ ಹೆಚ್ಚು ಟೊಟೊವಾಬ ಹಿಡಿದರು. 1975ರ ಹೊತ್ತಿಗೆ ಅದು 58 ಟನ್‌ಗೆ ಇಳಿದಿತ್ತು.

ಹಿಡಿದಿದ್ದು ಹೆಚ್ಚಾಗಿದ್ದು ಒಂದು ಕಾರಣ. ಅಮೆರಿಕ ತನ್ನ ನೆಲದಲ್ಲಿ ಕೊಲರಾಡೊ ನದಿಗೆ ಸಾಲುಸಾಲು ಅಣೆಕಟ್ಟು ಕಟ್ಟಿ, ಕೊಲ್ಲಿಗೆ ಸಿಹಿನೀರೇ ಬರದಂತಾಗಿದ್ದೂ ಮೀನಿನ ಸಂತತಿಗೆ ಪೆಟ್ಟು ಕೊಟ್ಟಿರಬಹುದು ಅನ್ನೋ ವಾದ ಇದೆ. ಅಂತೂ 1975ರಲ್ಲಿ ಮೆಕ್ಸಿಕೊ ಸರ್ಕಾರ ಟೊಟೊವಾಬ ಮೀನುಗಾರಿಕೆಯನ್ನೇ ನಿಷೇಧಿಸಿತು. ಅದರ ಬೆನ್ನಿಗೇ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ‘ಸೈಟಿಸ್’ ಈ ಮೀನನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು.

ಚಿನ್ನದ ಹಾಗೆ ಬಚ್ಚಿಡುವ ಗಾಳಿಚೀಲ

ಮೀನು ನೀರಿನಲ್ಲಿ ಮುಳುಗದೆ, ತೇಲಿಯೂ ಹೋಗದೆ ಬೇಕಾದ ಆಳದಲ್ಲಿ ನಿಲ್ಲೋದಕ್ಕೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ನೆರವಾಗುತ್ತೆ. ನಾವು ಮೀನು ಶುಚಿ ಮಾಡುವಾಗ ಕಿತ್ತು ಬಿಸಾಡುವ ಬಿಳಿ ಬಲೂನಿನಂಥ ಭಾಗ. ಚೀನೀಯರ ಅಡುಗೆಯಲ್ಲಿ ಇದಕ್ಕೆ ದೊಡ್ಡ ಮರ್ಯಾದೆ. ಒಣಗಿಸಿಟ್ಟು, ನೆನೆಸಿ, ಗಂಟೆಗಟ್ಟಲೆ ಬೇಯಿಸಿ ಸೂಪು ಮಾಡುತ್ತಾರೆ. ಬಾಣಂತಿಗೆ ಶಕ್ತಿ ಬರುತ್ತೆ, ಚರ್ಮ ಬಿಗಿಯಾಗಿರುತ್ತೆ, ಕೀಲುನೋವು ಹೋಗುತ್ತೆ ಅನ್ನೋ ನಂಬಿಕೆ. ಮದುವೆ, ಹಬ್ಬ, ಹಿರಿಯರಿಗೆ ಉಡುಗೊರೆ ಎಲ್ಲಕ್ಕೂ ಇದು ಬೇಕು. ನಿಜ ಹೇಳಬೇಕೆಂದರೆ ಇದರಲ್ಲಿ ಇರೋದು ಬಹುಪಾಲು ಕೊಲಾಜನ್ ಎಂಬ ಪ್ರೊಟೀನು. ಟೊಟೊವಾಬದ ಚೀಲದಲ್ಲೇ ವಿಶೇಷ ಔಷಧಿ ಇದೆ ಅನ್ನೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ.

ನಗುವ ಮುಂಚೆ ಒಂದು ಮಾತು. ನಮ್ಮ ಮನೆಗಳಲ್ಲೂ ಬಾಣಂತಿಗೆ ಇಂಥದ್ದೇ ಕೊಡಬೇಕು ಅಂತ ಅಜ್ಜಿಯರ ಪಟ್ಟಿ ಇರುತ್ತಲ್ವಾ? ಪ್ರೀತಿಯಿಂದ ಮಾಡಿ ಬಡಿಸಿದ್ದನ್ನು ಯಾರೂ ಪ್ರಶ್ನಿಸೋದಿಲ್ಲ. ಅಲ್ಲಿನ ಕಥೆಯೂ ಅಷ್ಟೇ. ಸೂಪು ಕುಡಿಯುವವರಲ್ಲಿ ಹೆಚ್ಚಿನವರಿಗೆ ವಕೀಟಾ ಎಂಬ ಪ್ರಾಣಿ ಇದೆ ಅನ್ನೋದೇ ತಿಳಿದಿರಲಿಕ್ಕಿಲ್ಲ.

ಹಾಗಾದರೆ ಮೆಕ್ಸಿಕೊದ ಮೀನೇ ಯಾಕೆ ಬೇಕು? ಯಾಕಂದ್ರೆ ಚೀನಾದ ಕಡಲಲ್ಲಿದ್ದ ಇಂಥದ್ದೇ ಮೀನನ್ನು ಅವರು ಆಗಲೇ ಮುಗಿಸಿಬಿಟ್ಟಿದ್ದಾರೆ. ಬಹಾಬಾ ಎಂಬ ಆ ದೊಡ್ಡ ಮೀನು ಟೊಟೊವಾಬದ ದಾಯಾದಿ. ಅದರ ಗಾಳಿಚೀಲವೂ ಬಂಗಾರದ ಬೆಲೆಯದ್ದು. ಅದು ಸಿಗದಂತಾದಾಗ ವ್ಯಾಪಾರಿಗಳ ಕಣ್ಣು ಭೂಮಿಯ ಇನ್ನೊಂದು ಬದಿಗೆ ಹೋಯಿತು.

2010ರ ನಂತರ ಬೆಲೆ ಆಕಾಶಕ್ಕೇರಿತು. ಒಣಗಿದ ಚೀಲಕ್ಕೆ ಕಿಲೋಗೆ 20,000 ಡಾಲರಿನಿಂದ 80,000 ಡಾಲರ್‌ವರೆಗೂ ಹೋಗಿದ್ದಾಗಿ ವರದಿಗಳಿವೆ. ಕಡಿಮೆ ಲೆಕ್ಕ ಹಿಡಿದರೂ ಕಿಲೋಗೆ 15 ಲಕ್ಷ ರೂಪಾಯಿಗೂ ಮೇಲೆ! ‘ಸಮುದ್ರದ ಕೊಕೇನ್’ ಎಂಬ ಅಡ್ಡಹೆಸರು ಬಿದ್ದಿದ್ದು ಹೀಗೆ. ಎಷ್ಟೋ ಚೀಲಗಳು ಸೂಪಿನ ಪಾತ್ರೆಗೆ ಹೋಗುವುದೇ ಇಲ್ಲ. ನಾವು ಅಕ್ಷಯ ತೃತೀಯಕ್ಕೆ ಚಿನ್ನ ಕೊಂಡು ಬೀರುವಿನಲ್ಲಿಡುವ ಹಾಗೆ, ಬೆಲೆ ಏರಲಿ ಅಂತ ಕೊಂಡಿಡುವವರು ಇದ್ದಾರೆ. ಚೀಲ ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನೋ ನಂಬಿಕೆ ಬೇರೆ.

ದುಡ್ಡಿರುವ ಕಡೆ ಕಳ್ಳರು ಬರದೇ ಇರ್ತಾರಾ? 2013ರಲ್ಲಿ ಅಮೆರಿಕದ ಗಡಿಯ ಕಲೆಕ್ಸಿಕೊ ಎಂಬಲ್ಲಿ ಒಂದು ಕಾರಿನ ಮ್ಯಾಟ್ ಅಡಿಯಲ್ಲಿ 27 ಚೀಲಗಳು ಸಿಕ್ಕವು. ಆ ಕಾರಿನ ಜಾಡು ಹಿಡಿದು ಹೋದ ಅಧಿಕಾರಿಗಳಿಗೆ ಒಂದು ಮನೆಯಲ್ಲಿ ಕಂಡಿದ್ದು, ಸಾಲಾಗಿ ಒಣಹಾಕಿದ್ದ ಇನ್ನೂ 214 ಚೀಲ. 2018ರಲ್ಲಿ ಚೀನಾದ ಕಸ್ಟಮ್ಸ್‌ನವರು ಒಂದೇ ಜಾಲದಿಂದ ವಶಪಡಿಸಿಕೊಂಡಿದ್ದು 444 ಕಿಲೋ. ಮಾದಕವಸ್ತು ಸಾಗಿಸುತ್ತಿದ್ದ ಗುಂಪುಗಳೂ ಈ ವ್ಯಾಪಾರಕ್ಕಿಳಿದವು. ದಾರಿ ಅದೇ, ಲಂಚ ಕೊಡಬೇಕಾದ ಕೈಗಳೂ ಅವೇ. ಮಾಲು ಮಾತ್ರ ಬೇರೆ.

ಬಲೆಯ ಕಣ್ಣಿಗೆ ಭೇದವಿಲ್ಲ

ಟೊಟೊವಾಬ ಹಿಡಿಯೋಕೆ ಬಳಸುವುದು ಗಿಲ್‌ನೆಟ್. ನೀರಿನಲ್ಲಿ ಗೋಡೆಯಂತೆ ನಿಲ್ಲುವ, ಕಣ್ಣಿಗೆ ಕಾಣದಷ್ಟು ತೆಳುವಾದ ನೈಲಾನ್ ಬಲೆ. ಮೀನು ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಂಡು ಹಿಂದಕ್ಕೂ ಬರಲಾಗದೆ ಮುಂದಕ್ಕೂ ಹೋಗಲಾಗದೆ ಒದ್ದಾಡುತ್ತೆ. ದೊಡ್ಡ ಮೀನಿಗೆ ಬಲೆಯ ಕಣ್ಣು ದೊಡ್ಡದಿರಬೇಕು. ದುರದೃಷ್ಟಕ್ಕೆ ಟೊಟೊವಾಬ ಮತ್ತು ವಕೀಟಾ ಗಾತ್ರದಲ್ಲಿ ಹೆಚ್ಚೂಕಡಿಮೆ ಒಂದೇ. ಮೀನಿಗೆ ಹೊಂದುವ ಕಣ್ಣು ವಕೀಟಾದ ತಲೆಗೂ ಹೊಂದುತ್ತೆ. ವಕೀಟಾ ಉಸಿರಾಡೋಕೆ ಆಗಾಗ ನೀರಿನ ಮೇಲೆ ಬರಲೇಬೇಕು. ಬಲೆಯಲ್ಲಿ ಸಿಕ್ಕಿದರೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯುತ್ತೆ.

ಪೂರ್ತಿ ತಪ್ಪನ್ನು ಟೊಟೊವಾಬದ ಮೇಲೆ ಹೊರಿಸೋದೂ ಸರಿಯಲ್ಲ. ಸಿಗಡಿ ಮತ್ತು ಇತರ ಮೀನಿಗೆ ಕಾನೂನುಬದ್ಧವಾಗಿ ಹಾಕುತ್ತಿದ್ದ ಗಿಲ್‌ನೆಟ್‌ಗಳಲ್ಲೂ ದಶಕಗಳ ಕಾಲ ವಕೀಟಾ ಸತ್ತಿವೆ. ಆ ಸಿಗಡಿಯಲ್ಲಿ ಬಹಳಷ್ಟು ಅಮೆರಿಕದ ತಟ್ಟೆಗಳಿಗೆ ಹೋಗಿದೆ. 1997ರ ಸಮೀಕ್ಷೆಯಲ್ಲಿ ಸುಮಾರು 570 ಇದ್ದ ವಕೀಟಾ, 2008ಕ್ಕೆ 250ರ ಆಸುಪಾಸಿಗೆ ಇಳಿದಿತ್ತು. ಗಾಳಿಚೀಲದ ಹುಚ್ಚು ಶುರುವಾದ ಮೇಲೆ ಇಳಿಕೆ ಕುಸಿತವಾಯ್ತು. 2015ಕ್ಕೆ ಸುಮಾರು 60, 2018ಕ್ಕೆ 20ಕ್ಕಿಂತ ಕಡಿಮೆ.

ಕಣ್ಣಿಗೇ ಬೀಳದ ಪ್ರಾಣಿಯನ್ನು ಎಣಿಸೋದು ಹೇಗೆ? ನನ್ನಂಥ ಸಾಫ್ಟ್‌ವೇರಿನವರಿಗೆ ಕುತೂಹಲ ಹುಟ್ಟಿಸುವ ಭಾಗ ಇದು. ವಕೀಟಾ ಬಾವಲಿಯ ಹಾಗೆ ಶಬ್ದ ಹೊರಡಿಸಿ, ಪ್ರತಿಧ್ವನಿಯಿಂದ ದಾರಿ ಕಾಣುತ್ತೆ. ಮನುಷ್ಯರ ಕಿವಿಗೆ ಕೇಳದ ಆ ‘ಕ್ಲಿಕ್’ ಸದ್ದನ್ನು ದಾಖಲಿಸುವ ಯಂತ್ರಗಳನ್ನು ವಿಜ್ಞಾನಿಗಳು ನೀರಿನಡಿ ಇಳಿಬಿಡುತ್ತಾರೆ. ವರ್ಷ ವರ್ಷ ಅದೇ ಜಾಗಗಳಲ್ಲಿ ಎಷ್ಟು ಕ್ಲಿಕ್ ದಾಖಲಾಯ್ತು ಅಂತ ಹೋಲಿಸಿದರೆ ಸಂತತಿಯ ಏರಿಳಿತ ತಿಳಿಯುತ್ತೆ. ಆ ದಾಖಲೆಗಳು ವರ್ಷದಿಂದ ವರ್ಷಕ್ಕೆ ಮೌನವಾಗುತ್ತಾ ಹೋದವು.

ನಿಷೇಧ ಬಂತು, ಕೆಲಸ ಹೋಯ್ತು

2015ರಲ್ಲಿ ಆಗಿನ ಅಧ್ಯಕ್ಷ ಎನ್ರಿಕೆ ಪೆನ್ಯಾ ನಿಯೆಟೊ ಕೊಲ್ಲಿಯ ಉತ್ತರ ಭಾಗದಲ್ಲಿ ಗಿಲ್‌ನೆಟ್‌ಗಳಿಗೆ ಎರಡು ವರ್ಷದ ನಿಷೇಧ ಘೋಷಿಸಿದರು. 2017ರಲ್ಲಿ ಅದು ಕಾಯಂ ಆಯಿತು. ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊ, ಮೆಕ್ಸಿಕೊದ ಸಿರಿವಂತ ಉದ್ಯಮಿ ಕಾರ್ಲೊಸ್ ಸ್ಲಿಮ್ ಅವರ ಪ್ರತಿಷ್ಠಾನಗಳೂ ಸರ್ಕಾರದ ಜೊತೆ ಕೈಜೋಡಿಸಿದವು. ಪ್ರಪಂಚವೆಲ್ಲ ಚಪ್ಪಾಳೆ ತಟ್ಟಿತು.

ಸಾನ್ ಫೆಲಿಪೆಯಲ್ಲಿ ಆಗಿದ್ದೇ ಬೇರೆ. ಒಂದು ಕಡೆ ಮರುಭೂಮಿ, ಇನ್ನೊಂದು ಕಡೆ ಕಡಲು ಇರುವ ಊರದು. ಮೀನುಗಾರಿಕೆ ಬಿಟ್ಟರೆ ಒಂದಿಷ್ಟು ಪ್ರವಾಸೋದ್ಯಮ, ಅಷ್ಟೇ. ಸರ್ಕಾರ ಪರಿಹಾರವೇನೋ ಕೊಟ್ಟಿತು. ಆದರೆ ಪರವಾನಗಿ, ದೋಣಿ ಇದ್ದ ಮಾಲೀಕರಿಗೆ ಹೆಚ್ಚು ಹೋಯಿತು, ಅದೇ ದೋಣಿಯಲ್ಲಿ ದುಡಿಯುವ ಕೂಲಿಯವನ ಪಾಲಿಗೆ ಚಿಲ್ಲರೆ ಉಳಿಯಿತು ಅನ್ನೋ ದೂರು ಮೊದಲಿನಿಂದಲೂ ಇತ್ತು. ವಕೀಟಾಗೆ ಅಪಾಯವಿಲ್ಲದ ಬೇರೆ ಬಲೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದರು. ಅವನ್ನು ಮೀನುಗಾರರ ಕೈಗೆ ತಲುಪಿಸುವ ಕೆಲಸ ಮಾತ್ರ ಕುಂಟುತ್ತಾ ಸಾಗಿತು. ಸರ್ಕಾರ ಬದಲಾದ ಮೇಲೆ, 2018ರ ಕೊನೆಗೆ, ಪರಿಹಾರದ ಹಣವೂ ನಿಂತುಹೋಯ್ತು.

ಈಗ ನೀವೇ ಯೋಚಿಸಿ. ಬಲೆ ಹಾಕಬೇಡ ಅನ್ನುತ್ತಾರೆ, ಬೇರೆ ಕೆಲಸ ಕೊಡೋದಿಲ್ಲ, ಕೊಡುತ್ತಿದ್ದ ದುಡ್ಡೂ ನಿಂತಿದೆ. ಅದೇ ಹೊತ್ತಿಗೆ ಯಾರೋ ಬಂದು ಒಂದು ರಾತ್ರಿಯ ಬೇಟೆಗೆ ಸಾವಿರಾರು ಡಾಲರ್ ಕೊಡ್ತೀನಿ, ದೋಣಿ, ಬಲೆ, ಪೆಟ್ರೋಲು ಎಲ್ಲ ನಂದೇ ಅಂತಾನೆ. ಆ ಸಾಲ ತೀರುವವರೆಗೂ ಬಿಡುಗಡೆ ಇಲ್ಲ ಅನ್ನೋದು ಆಮೇಲೆ ಗೊತ್ತಾಗುತ್ತೆ. ಕದ್ದು ಮೀನು ಹಿಡಿಯೋದು ತಪ್ಪು ಅಂತ ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ಕೂತು ಹೇಳೋದು ಸುಲಭ. ಅಲ್ಲಿ ನಿಂತವನಿಗೆ ಅಷ್ಟು ಸುಲಭ ಅಲ್ಲ.

ಕಡಲಲ್ಲಿ ಘರ್ಷಣೆಗಳೂ ನಡೆದವು. ಅಕ್ರಮ ಬಲೆಗಳನ್ನು ಎಳೆದು ತೆಗೆಯಲು ‘ಸೀ ಶೆಫರ್ಡ್’ ಸಂಸ್ಥೆಯ ಹಡಗುಗಳು 2015ರಿಂದ ಅಲ್ಲಿವೆ. ಆ ಹಡಗುಗಳ ಮೇಲೆ ಕಲ್ಲು, ಪೆಟ್ರೋಲ್ ಬಾಂಬ್ ಬಿದ್ದಿವೆ. 2020ರ ಡಿಸೆಂಬರ್ 31ರಂದು ಸಂಸ್ಥೆಯ ಒಂದು ಹಡಗಿಗೂ ಮೀನುಗಾರರ ದೋಣಿಗೂ ಡಿಕ್ಕಿಯಾಗಿ ಒಬ್ಬ ಮೀನುಗಾರ ಪ್ರಾಣ ಕಳೆದುಕೊಂಡ. ಊರಲ್ಲಿ ಗಲಭೆಯಾಯ್ತು. ಒಂದು ಪ್ರಾಣಿಯನ್ನು ಉಳಿಸುವ ಹೋರಾಟ ಮನುಷ್ಯರ ನಡುವಿನ ಹಗೆಯಾಗಿ ಬದಲಾಗಿತ್ತು.

ಹಿಡಿದು ಸಾಕೋಣ ಅಂದಾಗ

2017ರಲ್ಲಿ ವಿಜ್ಞಾನಿಗಳು ಕೊನೆಯ ಪ್ರಯತ್ನವೆಂಬಂತೆ ಒಂದು ಸಾಹಸಕ್ಕೆ ಕೈಹಾಕಿದರು. ಉಳಿದ ವಕೀಟಾಗಳನ್ನು ಹಿಡಿದು, ಸುರಕ್ಷಿತವಾದ ಆವರಣದಲ್ಲಿಟ್ಟು ಸಾಕೋಣ ಅನ್ನೋದು ಯೋಜನೆ. ಅವನ್ನು ಹುಡುಕಲು ಅಮೆರಿಕದ ನೌಕಾಪಡೆ ತರಬೇತಿ ಕೊಟ್ಟ ಡಾಲ್ಫಿನ್‌ಗಳನ್ನೂ ತಂದರು. ಎರಡು ಸಿಕ್ಕವು. ಮೊದಲನೆಯದು ಮರಿ. ಅದು ಗಾಬರಿಗೊಂಡಿದ್ದನ್ನು ಕಂಡು ವಾಪಸ್ ಬಿಟ್ಟರು. ಎರಡನೆಯದು ದೊಡ್ಡ ಹೆಣ್ಣು. ಕೆಲವೇ ಗಂಟೆಗಳಲ್ಲಿ ಅದು ವೈದ್ಯರ ಕೈಯಲ್ಲೇ ಸತ್ತುಹೋಯ್ತು. ಯೋಜನೆ ಅಲ್ಲಿಗೆ ನಿಂತಿತು. ಈ ಪ್ರಾಣಿಯನ್ನು ಉಳಿಸೋದಾದರೆ ಅದರ ಕಡಲಲ್ಲೇ ಉಳಿಸಬೇಕು ಅನ್ನೋದು ಖಚಿತವಾಯ್ತು.

ಕೊನೆಗೆ ಅಷ್ಟಿಷ್ಟು ಕೆಲಸ ಮಾಡಿದ್ದು ತೀರಾ ಸರಳ ಉಪಾಯ. ವಕೀಟಾಗಳು ಹೆಚ್ಚು ಕಾಣುವ ಸುಮಾರು 225 ಚದರ ಕಿಲೋಮೀಟರ್ ಜಾಗವನ್ನು ಯಾವ ಬಲೆಯೂ ಬೀಳಬಾರದ ವಲಯ ಅಂತ ಗುರುತಿಸಲಾಗಿತ್ತು. ಕಾಗದದ ಮೇಲಿನ ಗೆರೆಯನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. 2022ರಲ್ಲಿ ಮೆಕ್ಸಿಕೊ ನೌಕಾಪಡೆ ಅಲ್ಲಿ ಕಬ್ಬಿಣದ ಕೊಕ್ಕೆ ಇರುವ 193 ಕಾಂಕ್ರೀಟ್ ಬ್ಲಾಕುಗಳನ್ನು ಸಮುದ್ರದ ತಳಕ್ಕೆ ಇಳಿಸಿತು. ಬಲೆ ಹಾಕಿದರೆ ಕೊಕ್ಕೆಗೆ ಸಿಕ್ಕಿ ಹರಿಯುತ್ತೆ. ದುಬಾರಿ ಬಲೆ ಕಳೆದುಕೊಳ್ಳೋಕೆ ಯಾರು ತಯಾರಿರ್ತಾರೆ? ಆ ವಲಯದಲ್ಲಿ ಬಲೆಗಳ ಸಂಖ್ಯೆ ಗಣನೀಯವಾಗಿ ಇಳಿಯಿತು.

2023ರ ಸಮೀಕ್ಷೆಯಲ್ಲಿ 10ರಿಂದ 13 ವಕೀಟಾ ಕಂಡವು ಅಂತ ಅಂದಾಜಾಯ್ತು, 2024ರಲ್ಲಿ 6ರಿಂದ 8, 2025ರಲ್ಲಿ 7ರಿಂದ 10. ಜೊತೆಯಲ್ಲಿ ಮರಿಗಳೂ ಕಂಡಿವೆ. ಹತ್ತೇ ಉಳಿದಿದ್ದರೆ ರಕ್ತಸಂಬಂಧದ ದೋಷದಿಂದ ಹೇಗಿದ್ರೂ ನಾಶವಾಗುತ್ತವೆ ಅನ್ನುವವರಿದ್ದರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ವಕೀಟಾ ಸಾವಿರಾರು ವರ್ಷಗಳಿಂದಲೂ ಸಣ್ಣ ಸಂಖ್ಯೆಯಲ್ಲೇ ಬದುಕಿದ ಪ್ರಾಣಿ, ಹಾನಿಕಾರಕ ದೋಷಗಳು ಅದರಲ್ಲಿ ಕಡಿಮೆ. ಬಲೆಗಳು ನಿಂತರೆ ಮತ್ತೆ ಹೆಚ್ಚುವ ಸಾಧ್ಯತೆ ಇದೆ. ಬಲೆಗಳು ನಿಂತರೆ!

ಸಾಕಿದ ಮೀನನ್ನು ತಿನ್ನಬಹುದಾ?

ಇತ್ತ ಟೊಟೊವಾಬದ ಸುದ್ದಿ ಅಷ್ಟು ಕೆಟ್ಟದಾಗಿಲ್ಲ. ಅಂದುಕೊಂಡದ್ದಕ್ಕಿಂತ ಹೆಚ್ಚು ಮೀನುಗಳು ಉಳಿದಿವೆ ಅಂತ ತಿಳಿದು 2021ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದರ ಅಪಾಯದ ಮಟ್ಟವನ್ನು ಇಳಿಸಲಾಯ್ತು. ಮೊಟ್ಟೆಯಿಂದಲೇ ಮೀನು ಬೆಳೆಸುವ ಸಾಕಣೆ ಕೇಂದ್ರಗಳೂ ಮೆಕ್ಸಿಕೊದಲ್ಲಿವೆ. ಅಲ್ಲಿ ಬೆಳೆದ ಮೀನು ಹೋಟೆಲುಗಳಲ್ಲಿ ಕಾನೂನುಬದ್ಧವಾಗಿಯೇ ಸಿಗುತ್ತೆ. 2022ರಲ್ಲಿ ಸೈಟಿಸ್ ಒಂದು ಸಾಕಣೆ ಕೇಂದ್ರದ ಮೀನನ್ನು ಹೊರದೇಶಕ್ಕೆ ಮಾರಲು ದಾರಿ ಮಾಡಿಕೊಟ್ಟಿತು. ಅದೂ ಮಾಂಸ ಮಾತ್ರ, ಗಾಳಿಚೀಲ ಅಲ್ಲ.

ಇದು ಸರೀನಾ? ಎರಡೂ ಕಡೆ ವಾದ ಇದೆ. ಸಾಕಿದ್ದು ಸಿಕ್ಕರೆ ಕದ್ದಿದ್ದಕ್ಕೆ ಬೇಡಿಕೆ ಇಳಿಯುತ್ತೆ ಅನ್ನೋದು ಒಂದು. ಕಾನೂನಿನ ಅಂಗಡಿ ಒಂದು ತೆರೆದರೆ ಕಳ್ಳಮಾಲೂ ಅದೇ ಅಂಗಡಿಯಿಂದ ಹೊರಬರುತ್ತೆ ಅನ್ನೋದು ಇನ್ನೊಂದು. ತಟ್ಟೆಗೆ ಬಂದ ತುಂಡನ್ನು ನೋಡಿ ಇದು ಕೊಳದ್ದಾ ಕಡಲಿನದ್ದಾ ಅಂತ ಊಟಕ್ಕೆ ಕೂತವರು ಹೇಳೋದು ಹೇಗೆ? ನನಗನಿಸೋದು, ಪ್ರತಿ ಮೀನಿನ ಜಾಡು ಕೊನೆಯವರೆಗೂ ಹಿಡಿಯುವ ವ್ಯವಸ್ಥೆ ಗಟ್ಟಿಯಾಗುವವರೆಗೆ ಗಾಳಿಚೀಲದ ಬಾಗಿಲು ತೆರೆಯಬಾರದು. ಮಾಂಸದ ವ್ಯಾಪಾರದಲ್ಲಿ ಆ ಮೂರು ಊರುಗಳವರಿಗೆ ಪಾಲು ಸಿಕ್ಕರೆ ಮಾತ್ರ ಅದು ವಕೀಟಾಗೆ ಉಪಕಾರ. ಪಾಲು ಪೂರ್ತಿ ಕಂಪನಿಗೇ ಹೋದರೆ ರಾತ್ರಿ ಬಲೆ ಹಿಡಿದು ಹೊರಡುವವನಿಗೆ ಏನು ಬದಲಾಯ್ತು?

ನಮ್ಮ ಕಡಲಿನ ಮಾತು

ಇದೆಲ್ಲ ದೂರದ ಕಥೆ ಅಂತ ಅನ್ನಿಸಿದರೆ ಗುಜರಾತ್, ಮಹಾರಾಷ್ಟ್ರದ ಕಡೆ ನೋಡಿ. ಅಲ್ಲಿನ ‘ಘೋಲ್’ ಮೀನು ಟೊಟೊವಾಬದ ಕುಟುಂಬಕ್ಕೇ ಸೇರಿದ್ದು. ಅದಕ್ಕೆ ಬೆಲೆ ಬರೋದೂ ಗಾಳಿಚೀಲದಿಂದಲೇ, ಚೀಲ ಹೋಗೋದೂ ಪೂರ್ವ ಏಷ್ಯಾದ ಮಾರುಕಟ್ಟೆಗೇ. 2021ರಲ್ಲಿ ಪಾಲ್ಘರ್‌ನ ಮೀನುಗಾರರೊಬ್ಬರಿಗೆ ಒಂದೇ ಬಾರಿ ಸಿಕ್ಕ 157 ಘೋಲ್ ಮೀನು 1.33 ಕೋಟಿ ರೂಪಾಯಿಗೆ ಹೋದ ಸುದ್ದಿ ನೆನಪಿರಬಹುದು. ಅದನ್ನು ಹಿಡಿಯೋದು ಅಕ್ರಮ ಅಲ್ಲ. ಲಾಟರಿ ಹೊಡೆಯಿತು ಅಂತ ನಾವೆಲ್ಲ ವಾಟ್ಸಾಪಿನಲ್ಲಿ ಹಂಚಿಕೊಂಡೆವು. ಟೊಟೊವಾಬದ ಕಥೆ ಓದಿದ ಮೇಲೆ ಅದೇ ಸುದ್ದಿ ಸ್ವಲ್ಪ ಬೇರೆಯಾಗಿ ಕಾಣುತ್ತೆ.

ವಕೀಟಾದ ನೆಂಟರೂ ನಮ್ಮಲ್ಲಿದ್ದಾರೆ. ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ ಬೂದುಬಣ್ಣದ ಸಣ್ಣ ಪಾರ್ಪಾಯ್ಸ್‌ಗಳು ಕರ್ನಾಟಕದ ಕರಾವಳಿಯಲ್ಲೂ ಇವೆ. ವನ್ಯಜೀವಿ ಕಾಯ್ದೆಯ ರಕ್ಷಣೆ ಇದ್ದರೂ ಗಿಲ್‌ನೆಟ್ಟಿಗೆ ಸಿಕ್ಕಿ ಸಾಯುವುದು ತಪ್ಪಿಲ್ಲ.

ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಷ್ಟವಾದರೂ ಜನ ಪಾಲಿಸುತ್ತಾರೆ. ಯಾಕಂದ್ರೆ ಆಗಸ್ಟ್ ಬರುತ್ತೆ, ಕಡಲು ಮತ್ತೆ ತಮ್ಮದಾಗುತ್ತೆ, ಮೀನೂ ಹೆಚ್ಚಿರುತ್ತೆ ಅನ್ನೋ ಭರವಸೆ ಇದೆ. ಸಾನ್ ಫೆಲಿಪೆಯವರಿಗೆ ಹಾಕಿದ ನಿಷೇಧಕ್ಕೆ ಆಗಸ್ಟ್ ಅನ್ನೋದೇ ಇಲ್ಲ. ಕೊನೆಯಿಲ್ಲದ ನಿಷೇಧವನ್ನು ಹಸಿದ ಹೊಟ್ಟೆ ಎಷ್ಟು ದಿನ ಪಾಲಿಸೀತು?

ಕಾಂಕ್ರೀಟ್ ಬ್ಲಾಕು ಬಲೆಯನ್ನು ತಡೆಯಬಹುದು, ಬಲೆ ಹಾಕುವವನ ಅಡುಗೆಮನೆಯನ್ನು ತುಂಬಿಸೋದಿಲ್ಲ. ಸೂಪಿಗೆ ದುಡ್ಡು ಕೊಡುವವನು ಒಂದು ಕಡೆ, ಬಲೆ ಹಾಕುವವನು ಇನ್ನೊಂದು ಕಡೆ, ಸಾಯುವ ಪ್ರಾಣಿ ಮತ್ತೊಂದು ಕಡೆ. ಈ ಮೂವರೂ ಒಬ್ಬರನ್ನೊಬ್ಬರು ಮುಖ ನೋಡಿದವರಲ್ಲ. ನಡುವೆ ನಿಂತ ದಲ್ಲಾಳಿ ಮಾತ್ರ ಲಾಭ ಎಣಿಸುತ್ತಿದ್ದಾನೆ. ಬೇಡಿಕೆಯನ್ನು ಚೀನಾದಲ್ಲಿ ಹಿಡಿದು ನಿಲ್ಲಿಸಿ, ದುಡಿಮೆಯನ್ನು ಸಾನ್ ಫೆಲಿಪೆಯಲ್ಲಿ ಕೊಟ್ಟರೆ ಆ ಪುಟ್ಟ ಹಸುಗಳಿಗೆ ಇನ್ನೂ ಕಾಲ ಮಿಂಚಿಲ್ಲ. ಕಳೆದ ಸಮೀಕ್ಷೆಯಲ್ಲೂ ತಾಯಿಯ ಪಕ್ಕ ಮರಿ ಈಜುತ್ತಿದ್ದುದು ಕಂಡಿದೆ.